ದೊಡ್ಡ ಮೀನಿನ ಗಾಳಕ್ಕೆ ಬಾಳಿಕೆಯ ರೀಲು ಮತ್ತು ದಾರ

(ಕೃಷಿ ಹೊಂಡ ಹಾಗೂ ಕುಂಟೆಗಳಲ್ಲಿ ಮೀನು ಸಾಕುತ್ತಿರುವ ರೈತರಿಗಾಗಿ ಹೆಬ್ಬಾಳದಲ್ಲಿ ನಡೆದ ತರಬೇತಿಯಲ್ಲಿ ಮಾಡಿದ ಭಾಷಣ)



ರಾಗಿ, ತೊಗರಿ, ಅವರೆಯ ಬೇಸಾಯ ಹೇಳಿಕೊಡುವವನು ಇಂದು ಗಾಳ ಹಿಡಿದು ನಿಂತಿದ್ದಾನಲ್ಲ ಎಂದು ಹಿಂದಿನ ಸಾಲಿನವರು ನಗುತ್ತಿರುವುದನ್ನು ಕಂಡೆ. ನಗುವುದರಲ್ಲಿ ತಪ್ಪಿಲ್ಲ. ಆದರೆ ಬಿದ್ದ ಮಳೆಯನ್ನು ಹೊಲದಲ್ಲೇ ಹಿಡಿದಿಡುವುದು ಬೇಸಾಯಶಾಸ್ತ್ರದ ಮುಖ್ಯ ಪಾಠಗಳಲ್ಲಿ ಒಂದು. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯ ನಂತರ ನಮ್ಮ ಮಳೆಯಾಶ್ರಿತ ತಾಲ್ಲೂಕುಗಳಲ್ಲಿ ಕೃಷಿ ಹೊಂಡಗಳು ಹೆಚ್ಚಿದವು. ಹೆಬ್ಬಾಳ-ನಾಗವಾರ ಕಣಿವೆಯ ಸಂಸ್ಕರಿಸಿದ ನೀರು ಉತ್ತರದ ಕಡೆಗೆ ಹರಿದು ಚಿಕ್ಕಬಳ್ಳಾಪುರದವರೆಗೆ ಹಲವು ಕೆರೆಗಳನ್ನು ತುಂಬಿಸಿತು. ನೀರು ನಿಂತಲ್ಲಿ ಮೀನು ಬಂತು. ಮೀನು ಬಂದಲ್ಲಿ ಮೀನು ತಿನ್ನುವ ಮೀನೂ ಬಂತು. ಹೀಗೆ ಹೊಂಡದ ದಾರಿ ಹಿಡಿದು ನಾನೂ ಗಾಳದ ತನಕ ಬಂದಿದ್ದೇನೆ.

ತರಬೇತಿಗಳಲ್ಲಿ ರೈತರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಎರಡು. ಒಂದು, ಬಲೆ ಎಳೆಯಲು ಆಗದ ಹೊಂಡದಿಂದ ದೊಡ್ಡ ಬೇಟೆಗಾರ ಮೀನನ್ನು ಹೊರಗೆ ತೆಗೆಯುವುದು ಹೇಗೆ? ಎರಡು, ಪೇಟೆಯಿಂದ ತಂದ ರೀಲು ಒಂದೇ ಹಂಗಾಮಿಗೆ ಕೆಟ್ಟಿತು, ದಾರ ತುಂಡಾಯಿತು. ಬಾಳಿಕೆ ಬರುವುದನ್ನು ಆರಿಸುವುದು ಹೇಗೆ? ಇವೆರಡಕ್ಕೂ ಉತ್ತರ ಒಂದೇ ಕಡೆ ಇದೆ. ಅದನ್ನು ವಿವರಿಸುವುದೇ ಇಂದಿನ ಭಾಷಣದ ಉದ್ದೇಶ.

ಯಾವ ಮೀನಿಗೆ ಗಾಳ?

ನಾವು ಬಿಡುವ ಕಾಟ್ಲಾ, ರೋಹು, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ಮೀನುಗಳು ಬೇಟೆಗಾರ ಮೀನುಗಳಲ್ಲ. ಇವು ಹಿಂಡಿ, ತೌಡಿನ ಉಂಡೆಗೆ ಬರುತ್ತವೆಯೇ ಹೊರತು ಓಡುವ ಮೀನಿನಂತೆ ಕಾಣುವ ಕೃತಕ ಎರೆಗೆ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಕೃತಕ ಎರೆಗೆ ಎರಗುವುದು ನೀವು ಕುಚ್ಚು ಎಂದೋ ಕೊರವ ಎಂದೋ ಕರೆಯುವ, ಮೀನುಗಾರಿಕೆಯವರು ಮುರ್ರೆಲ್ ಎನ್ನುವ ಮೀನು. ಇದು ಗಾಳಿಯನ್ನೂ ಉಸಿರಾಡುವ ಮೀನು. ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆಯೇ ಸ್ವಲ್ಪ ದೂರ ತೆವಳಬಲ್ಲದು. ಕಾಲುವೆಯ ನೀರಿನ ಜೊತೆ ಹೊಂಡ ಸೇರಿಕೊಳ್ಳುತ್ತದೆ. ಒಮ್ಮೆ ಸೇರಿತೆಂದರೆ ನೀವು ಹಣ ಕೊಟ್ಟು ತಂದು ಬಿಟ್ಟ ಬಿತ್ತನೆ ಮರಿಗಳೇ ಅದಕ್ಕೆ ಊಟ.

ಮಣ್ಣಿನ ಕುಂಟೆಯಾದರೆ ಬಲೆ ಎಳೆಯಬಹುದು. ಆದರೂ ಕುಚ್ಚು ಮೀನು ಬಲೆಯ ಅಡಿಯ ಕೆಸರಿನಲ್ಲಿ ಹುದುಗಿಕೊಳ್ಳುತ್ತದೆ, ಜೊಂಡಿನೊಳಗೆ ಸೇರಿಕೊಳ್ಳುತ್ತದೆ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದಲ್ಲಂತೂ ಜನ ಇಳಿದು ಬಲೆ ಎಳೆಯುವುದೇ ಅಪಾಯ; ಹಾಳೆಗೂ ಅಪಾಯ, ಇಳಿದವರಿಗೂ ಅಪಾಯ. ಇಂಥ ಕಡೆ ದಡದಿಂದಲೇ ಗಾಳ ಹಾಕಿ ಒಂದೊಂದಾಗಿ ತೆಗೆಯುವುದು ಸೂಕ್ತ ಮಾರ್ಗ.

ದೊಡ್ಡ ಬೇಟೆಗಾರ ಮೀನಿಗೆ ಭಾರದ ಎರೆ ಎಸೆಯುವ ಕ್ರಮ ಉತ್ತರ ಅಮೆರಿಕದಲ್ಲಿ ಬಹಳ ಬೆಳೆದಿದೆ. ಅಲ್ಲಿನ ಸರೋವರಗಳಲ್ಲಿ ಮಸ್ಕಿ ಎಂಬ ಮೀನಿದೆ. ಇದು ನಮ್ಮ ರಾಯಚೂರು ಜಿಲ್ಲೆಯ ಅಶೋಕನ ಶಾಸನದ ಮಸ್ಕಿಯಲ್ಲ. ಉದ್ದ ಮೂತಿಯ, ಚೂಪು ಹಲ್ಲಿನ ಸಿಹಿನೀರಿನ ಮೀನು. ಹತ್ತು ಸಾವಿರ ಬಾರಿ ಎಸೆದರೆ ಒಂದು ಸಿಗುತ್ತದೆ ಎಂದು ಅಲ್ಲಿಯವರು ಹೇಳುವುದುಂಟು. ಅದಕ್ಕೆ 100 ಗ್ರಾಂ ತೂಗುವ, ಕೆಲವೊಮ್ಮೆ 250 ಗ್ರಾಂ ಮೀರಿದ ಎರೆಗಳನ್ನು ದಿನವಿಡೀ ಎಸೆಯುತ್ತಾರೆ. ಆ ಎಸೆತದಲ್ಲಿ ಯಾವ ಭಾಗ ಮೊದಲು ಕೆಡುತ್ತದೆ, ಏಕೆ ಕೆಡುತ್ತದೆ ಎಂಬ ಅವರ ಅನುಭವ ನಮಗೂ ಉಪಯುಕ್ತ. ಆದರೆ ಅವರ ಸಲಕರಣೆಯನ್ನೇ ಹಾಗೆಯೇ ಕೊಂಡು ತರುವುದು ನಮಗೆ ಅನಗತ್ಯ ಖರ್ಚು.

ನಾನು ಮಾಡಿದ ತಪ್ಪು

ಲೆಕ್ಕಕ್ಕೆ ಹೋಗುವ ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಯಲಹಂಕದಾಚೆಯ ರೈತರೊಬ್ಬರು ತಮ್ಮ ಕುಂಟೆಯ ಕುಚ್ಚು ಮೀನು ತೆಗೆದುಕೊಡಲು ಕರೆದಿದ್ದರು. ನನ್ನ ಬಳಿ ಇದ್ದದ್ದು ಎರಡು ಬೇಸಿಗೆ ಮಹಡಿಯ ಮೇಲೆ ಬಿದ್ದಿದ್ದ ಹಳೆಯ ರೀಲು, ಅದರ ಮೇಲೆ ಹಳೆಯ ನೈಲಾನ್ ಎಳೆ. ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಮೀನು ಕಚ್ಚಿತು, ದಡದ ಹತ್ತಿರ ಬಂತು, ಒಮ್ಮೆ ಕೊಡವಿತು. ದಾರ ರೀಲಿನ ಬಳಿಯೇ ತುಂಡಾಯಿತು. ಮೀನು ಇಪ್ಪತ್ತು ಮೀಟರು ದಾರವನ್ನು ಎಳೆದುಕೊಂಡು ಜೊಂಡಿನೊಳಗೆ ಹೋಯಿತು.

ನಾಲ್ಕನೆಯ ದಿನ ಆ ರೈತರು ಫೋನು ಮಾಡಿದರು. ದಾರ ಜೊಂಡಿನ ಬುಡಕ್ಕೆ ಸುತ್ತಿಕೊಂಡು ಮೀನು ನೀರಿನಡಿಯಲ್ಲೇ ಸತ್ತಿತ್ತು. ಕುಚ್ಚು ಮೀನು ಆಗಾಗ ಮೇಲೆ ಬಂದು ಗಾಳಿ ಕುಡಿಯಲೇಬೇಕು. ಕಟ್ಟಿಹಾಕಿದರೆ ನೀರಿನಲ್ಲೇ ಉಸಿರುಕಟ್ಟಿ ಸಾಯುತ್ತದೆ. ಅದೇ ದಾರದ ಇನ್ನೊಂದು ತುದಿಯಲ್ಲಿ ಒಂದು ನೀರುಕಾಗೆ ರೆಕ್ಕೆ ಸಿಕ್ಕಿಸಿಕೊಂಡು ಒದ್ದಾಡುತ್ತಿತ್ತಂತೆ. ಅವರ ಮಗ ನೀರಿಗಿಳಿದು ಅದನ್ನು ಬಿಡಿಸಿದ. "ಸ್ವಾಮಿ, ನಿಮ್ಮ ದಾರ ಹೀಗೆ ಎಂದು ಗೊತ್ತಿದ್ದರೆ ಕರೆಯುತ್ತಲೇ ಇರಲಿಲ್ಲ" ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಬಾಳಿಕೆಯ ದಾರ ಎಂದರೆ ಹಣದ ಉಳಿತಾಯ ಮಾತ್ರ ಎಂದು ಅಲ್ಲಿಯವರೆಗೆ ತಿಳಿದಿದ್ದೆ. ತುಂಡಾದ ದಾರ ನೀರಿನಲ್ಲಿ ತನ್ನ ಕೆಲಸ ಮುಂದುವರಿಸುತ್ತಲೇ ಇರುತ್ತದೆ ಎಂಬುದು ಅಂದು ತಿಳಿಯಿತು.

ಭಾರ ಎಲ್ಲಿಂದ ಬರುತ್ತದೆ?

ನಮ್ಮ ಹಿರಿಯರು ಕಪಿಲೆ ಹೊಡೆಯುತ್ತಿದ್ದ ಕಾಲವನ್ನು ನೆನೆಯಿರಿ. ಮಿಣಿ ಹರಿಯುತ್ತಿದ್ದುದು ನೀರಿನ ಭಾರವೊಂದರಿಂದಲೇ ಅಲ್ಲ. ದಿನವೂ ರಾಟೆಯ ಅಂಚಿಗೆ ಉಜ್ಜಿ ಉಜ್ಜಿ ಸವೆದ ಜಾಗದಲ್ಲಿ ಅದು ಹರಿಯುತ್ತಿತ್ತು. ಗಾಳದಲ್ಲಿಯೂ ಇದೇ ನಿಯಮ. ರೀಲನ್ನು ಸವೆಸುವುದು ಮೀನಿಗಿಂತ ಹೆಚ್ಚಾಗಿ ದಿನವಿಡೀ ಎಸೆದು ಎಳೆಯುವ ಎರೆ.

ಲೆಕ್ಕ ನೋಡಿ. ಒಂದು ಬೆಳಗ್ಗೆ 200 ಸಾರಿ ಎಸೆಯುತ್ತೀರಿ, ಪ್ರತಿಸಾರಿ ಎರೆ 25 ಮೀಟರು ದೂರ ಬೀಳುತ್ತದೆ ಎಂದಿಟ್ಟುಕೊಳ್ಳೋಣ. ಒಟ್ಟು 5 ಕಿಲೋಮೀಟರು ದಾರ ಸುತ್ತಬೇಕು. ಹಿಡಿಯ ಒಂದು ಸುತ್ತಿಗೆ ಸುಮಾರು 63 ಸೆಂಟಿಮೀಟರು ದಾರ ಒಳಗೆ ಬರುವುದಾದರೆ ಹಿಡಿಯನ್ನು ಸುಮಾರು 8,000 ಸುತ್ತು ತಿರುಗಿಸಿದಂತಾಯಿತು. ಮೀನು ಸಿಕ್ಕರೆ ಅದರೊಡನೆ ಹೋರಾಟ ಐದು ನಿಮಿಷ. ಹಲ್ಲುಚಕ್ರ ಸವೆಯುವುದು ಆ ಐದು ನಿಮಿಷದಲ್ಲೋ, ಈ 8,000 ಸುತ್ತಿನಲ್ಲೋ ನೀವೇ ಯೋಚಿಸಿ.

ದಾರದ ವಿಷಯವೂ ಇಷ್ಟೇ. 100 ಗ್ರಾಂ ಎರೆಯೊಂದು ಗಂಟೆಗೆ 90 ಕಿಲೋಮೀಟರು ವೇಗದಲ್ಲಿ ಹಾರುತ್ತಿದೆ ಎನ್ನೋಣ. ಆಗ ದಾರ ರೀಲಿನಲ್ಲಿ ಸಿಕ್ಕಿಕೊಂಡು ಎರೆ ಗಕ್ಕನೆ ನಿಂತಿತು. ದಾರ ರಬ್ಬರಿನಂತೆ ಒಂದು ಮೀಟರು ಜಗ್ಗಿ ಎರೆಯನ್ನು ನಿಲ್ಲಿಸಿದರೆ ಅದರ ಮೇಲೆ ಬೀಳುವ ಸರಾಸರಿ ಎಳೆತ ಸುಮಾರು 3 ಕಿಲೋ. ಹತ್ತೇ ಸೆಂಟಿಮೀಟರಿನಲ್ಲಿ ನಿಲ್ಲಿಸಿದರೆ ಸುಮಾರು 30 ಕಿಲೋ. ಒಂದೇ ಎರೆ, ಒಂದೇ ಎಸೆತ. ಎಳೆತ ಮಾತ್ರ ಹತ್ತು ಪಟ್ಟು. ಹತ್ತು ಕಿಲೋ ಮೀನಿಗೂ ಅಮೆರಿಕದವರು 80 ಪೌಂಡಿನ, ಎಂದರೆ ಸುಮಾರು 36 ಕಿಲೋ ತಾಳುವ ದಾರ ಹಾಕುವುದಕ್ಕೆ ಮುಖ್ಯ ಕಾರಣ ಎರೆಯ ಈ ಹೊಡೆತ.

ಆದ್ದರಿಂದ ಆಯ್ಕೆಯ ಮೊದಲ ಸೂತ್ರ ಇದು: ಮೀನಿನ ತೂಕಕ್ಕಿಂತ ಮೊದಲು ಎರೆಯ ತೂಕ ನೋಡಿ. ನಮ್ಮ ಕುಂಟೆ, ಹೊಂಡಗಳಲ್ಲಿ ಕುಚ್ಚು ಮೀನಿಗೆ ಎಸೆಯುವ ರಬ್ಬರ್ ಕಪ್ಪೆಯ ತೂಕ ಸಾಮಾನ್ಯವಾಗಿ 10ರಿಂದ 20 ಗ್ರಾಂ. ಇದಕ್ಕೆ 100 ಗ್ರಾಂ ಎರೆಯ ಸಲಕರಣೆ ತರುವುದು ಅವರೆ ಬಿಡಿಸಲು ಕೊಡಲಿ ತಂದಂತೆ.

ರೀಲಿನ ಆಯ್ಕೆ

ಅಂಗಡಿಯಲ್ಲಿ ಕಾಣುವ ರೀಲುಗಳು ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಸ್ಪಿನ್ನಿಂಗ್ ರೀಲು. ಇದರಲ್ಲಿ ದಾರದ ಉರುಳೆ ತಿರುಗುವುದಿಲ್ಲ. ಒಂದು ತಂತಿಯ ಕೈ ಸುತ್ತಿ ಸುತ್ತಿ ದಾರವನ್ನು ಉರುಳೆಗೆ ಹಾಕುತ್ತದೆ. ಕಲಿಯಲು ಸುಲಭ, ಹಗುರ ಎರೆಗೆ ಉತ್ತಮ. ಆದರೆ ದಾರ ಲಂಬಕೋನದಲ್ಲಿ ತಿರುಗಿ ಒಳಗೆ ಬರುವುದರಿಂದ ಭಾರವೆಲ್ಲ ಒಂದು ಸಣ್ಣ ರೋಲರಿನ ಮೇಲೆ ಬೀಳುತ್ತದೆ. ಭಾರದ ಎರೆ ಎಳೆದಷ್ಟೂ ಆ ರೋಲರು, ಉರುಳೆಯ ಕಂಬಿ, ಹಲ್ಲುಚಕ್ರ ಬೇಗ ಸವೆಯುತ್ತವೆ.

ಎರಡನೆಯದು ಬೇಟ್‌ಕಾಸ್ಟಿಂಗ್ ರೀಲು. ಇದರಲ್ಲಿ ಬಾವಿಯ ರಾಟೆಯಂತೆ ಉರುಳೆಯೇ ತಿರುಗುತ್ತದೆ. ಉರುಳೆಗೆ ಎರಡೂ ಕಡೆ ಆಧಾರವಿದೆ, ದಾರ ನೇರವಾಗಿ ಬರುತ್ತದೆ. ಭಾರದ ಎರೆಗೆ, ದಪ್ಪ ದಾರಕ್ಕೆ ಇದೇ ಗಟ್ಟಿ. ಆದರೆ ಎಸೆಯುವಾಗ ಉರುಳೆಯ ವೇಗ ಎರೆಯ ವೇಗಕ್ಕಿಂತ ಹೆಚ್ಚಾದರೆ ದಾರ ಗೂಡುಕಟ್ಟುತ್ತದೆ. ಹೆಬ್ಬೆರಳಿನಿಂದ ಉರುಳೆಯನ್ನು ತಡೆಯುವ ಅಭ್ಯಾಸ ಆಗುವವರೆಗೆ ತಾಳ್ಮೆ ಬೇಕು.

ನಮ್ಮ ರೈತರಿಗೆ ನನ್ನ ಸಲಹೆ ಇದು. ರಬ್ಬರ್ ಕಪ್ಪೆ ಅಥವಾ 30 ಗ್ರಾಂ ಒಳಗಿನ ಎರೆಗೆ 4000 ಗಾತ್ರದ ಲೋಹದ ಮೈಯ ಸ್ಪಿನ್ನಿಂಗ್ ರೀಲು ಸಾಕು. 60 ಗ್ರಾಂ ಮೀರಿದ ಎರೆಯನ್ನು ದಿನವೂ ಎಸೆಯುವವರು ಮಾತ್ರ ದುಂಡನೆಯ ಲೋಹದ ಚೌಕಟ್ಟಿನ ಬೇಟ್‌ಕಾಸ್ಟಿಂಗ್ ರೀಲು ತೆಗೆದುಕೊಳ್ಳಲಿ. ಅವೆರಡರ ನಡುವಿನ ತೂಕಕ್ಕೆ ಕೈಗೆ ಒಗ್ಗಿದ್ದು ಸಾಕು. ಅಂಗಡಿಯಲ್ಲಿ ರೀಲನ್ನು ಕೈಗೆ ತೆಗೆದುಕೊಂಡು ಈ ಕೆಳಗಿನವುಗಳನ್ನು ಪರೀಕ್ಷಿಸಬೇಕು.

ಚೌಕಟ್ಟು: ಎರಡು ಕೈಯಿಂದ ಹಿಡಿದು ಮೆಲ್ಲಗೆ ತಿರುಚಿ ನೋಡಿ. ಬಾಗುವ ಚೌಕಟ್ಟಿನಲ್ಲಿ ಹಲ್ಲುಚಕ್ರಗಳು ಒಂದಕ್ಕೊಂದು ಸರಿಯಾಗಿ ಕೂಡುವುದಿಲ್ಲ, ಭಾರ ಬಿದ್ದಾಗ ಹಲ್ಲು ಹಾರುತ್ತದೆ.

ಹಲ್ಲುಚಕ್ರ: ಬೇಟ್‌ಕಾಸ್ಟಿಂಗ್ ರೀಲಿನಲ್ಲಿ ಹಿತ್ತಾಳೆಯ ಮುಖ್ಯ ಚಕ್ರ ಇದೆಯೇ ಎಂದು ಕೇಳಿ. ಭಾರದ ಎರೆಗೆ ಹಗುರ ಲೋಹದ ಚಕ್ರಕ್ಕಿಂತ ಹಿತ್ತಾಳೆ ಹೆಚ್ಚು ಬಾಳುತ್ತದೆ.

ಸುತ್ತಿನ ಪ್ರಮಾಣ: ಪೆಟ್ಟಿಗೆಯ ಮೇಲೆ 5:1, 7:1 ಎಂದು ಬರೆದಿರುತ್ತದೆ. 5:1 ಎಂದರೆ ಹಿಡಿಯ ಒಂದು ಸುತ್ತಿಗೆ ಉರುಳೆಗೆ ಐದು ಸುತ್ತು. ಪ್ರಮಾಣ ಹೆಚ್ಚಾದಂತೆ ವೇಗ ಹೆಚ್ಚು, ಬಲ ಕಡಿಮೆ. ಟ್ರ್ಯಾಕ್ಟರಿನ ಗೇರು ಬಲ್ಲ ನಿಮಗೆ ಇದನ್ನು ವಿವರಿಸಬೇಕಿಲ್ಲ. ಭಾರ ಎಳೆಯಲು ಕಡಿಮೆ ಪ್ರಮಾಣದ ರೀಲು, ಉದ್ದನೆಯ ಹಿಡಿ ಒಳ್ಳೆಯದು.

ಬೇರಿಂಗು: ಹತ್ತು ಬೇರಿಂಗು, ಹದಿಮೂರು ಬೇರಿಂಗು ಎಂಬ ಜಾಹೀರಾತಿಗೆ ಮರುಳಾಗಬಾರದು. ಕೆಟ್ಟ ಹತ್ತಕ್ಕಿಂತ ಒಳ್ಳೆಯ ನಾಲ್ಕು ಲೇಸು.

ಬಿಡಿಭಾಗ: ಪಂಪ್‌ಸೆಟ್ ಕೊಳ್ಳುವಾಗ ನಾವು ಮೊದಲು ಕೇಳುವುದು ಬಿಡಿಭಾಗ ಸಿಗುತ್ತದೆಯೇ ಎಂದು. ರೀಲಿಗೂ ಅದನ್ನೇ ಕೇಳಿ. ಬಿಚ್ಚಲು ಬಾರದ, ಬಿಡಿಭಾಗ ಸಿಗದ ರೀಲು ಎಷ್ಟೇ ಹೊಳೆಯಲಿ, ಅದು ಒಂದು ಹಂಗಾಮಿನ ವಸ್ತು.

ಬ್ರೇಕನ್ನು ಹೊಂದಿಸುವುದು

ಮೀನು ಜೋರಾಗಿ ಎಳೆದಾಗ ದಾರವನ್ನು ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುವ ಬ್ರೇಕು ರೀಲಿನಲ್ಲಿರುತ್ತದೆ. ಇದನ್ನು ಡ್ರ್ಯಾಗ್ ಎನ್ನುತ್ತಾರೆ. ಎಷ್ಟು ಬಿಗಿ ಎಂಬುದಕ್ಕಿಂತ ಎಷ್ಟು ನಯ ಎಂಬುದು ಮುಖ್ಯ. ದಾರವನ್ನು ಕೈಯಲ್ಲಿ ಮೆಲ್ಲಗೆ ಎಳೆಯಿರಿ. ಎಲ್ಲಿಯೂ ಹಿಡಿದು ಬಿಟ್ಟಂತಾಗದೆ ಒಂದೇ ಸಮನೆ ಬರಬೇಕು. ಮೊದಲು ಕಚ್ಚಿ ಹಿಡಿದು ಆಮೇಲೆ ಜಾರುವ ಡ್ರ್ಯಾಗ್ ದಾರವನ್ನು ಕಡಿಯುತ್ತದೆ.

ಡ್ರ್ಯಾಗನ್ನು ದಾರದ ಶಕ್ತಿಯ ನಾಲ್ಕನೆಯ ಒಂದು ಭಾಗಕ್ಕೆ ಹೊಂದಿಸುವುದು ರೂಢಿ. 40 ಪೌಂಡಿನ ದಾರ ಸುಮಾರು 18 ಕಿಲೋ ತಾಳುತ್ತದೆ. ಡ್ರ್ಯಾಗ್ 4ರಿಂದ 4.5 ಕಿಲೋ ಇರಲಿ. ಸ್ಪ್ರಿಂಗ್ ತಕ್ಕಡಿ ಇದ್ದರೆ ಅದಕ್ಕೆ ದಾರ ಕಟ್ಟಿ ಎಳೆದು ನೋಡಿ. ಇಲ್ಲದಿದ್ದರೆ ಹಗುರವಾದ ಒಂದು ಡಬ್ಬಕ್ಕೆ 4 ಲೀಟರು ನೀರು ಹಾಕಿ ದಾರ ಕಟ್ಟಿ, ರೀಲನ್ನು ಕೈಯಲ್ಲಿ ಹಿಡಿದು ಮೇಲೆತ್ತಿ. ಡಬ್ಬ ನೆಲ ಬಿಡುವಾಗ ದಾರ ಜಾರತೊಡಗಬೇಕು. ಯಶವಂತಪುರದ ಮಂಡಿಯಲ್ಲಿ ತಕ್ಕಡಿಯ ಮುಳ್ಳನ್ನು ಕಣ್ಣೆವೆ ಮುಚ್ಚದೆ ನೋಡುವ ನಾವು ಇಲ್ಲಿ ಮಾತ್ರ ಅಂದಾಜಿಗೆ ಬಿಡುವುದು ಸರಿಯಲ್ಲ.

ದಾರದ ಆಯ್ಕೆ

ನೈಲಾನಿನ ಒಂಟಿ ಎಳೆ ಮತ್ತು ಹೆಣೆದ ದಾರ ಎಂದು ದಾರದಲ್ಲಿ ಮುಖ್ಯವಾಗಿ ಎರಡು ಬಗೆ.

ನೈಲಾನ್ ಎಳೆ ಜಗ್ಗುತ್ತದೆ. ಇದು ಅದರ ಗುಣವೂ ಹೌದು, ದೋಷವೂ ಹೌದು. ಜಗ್ಗುವುದರಿಂದ ಹೊಡೆತವನ್ನು ನುಂಗಿಕೊಳ್ಳುತ್ತದೆ, ಕಲ್ಲಿನ ಉಜ್ಜುವಿಕೆಯನ್ನು ಚೆನ್ನಾಗಿ ತಾಳುತ್ತದೆ, ಅಗ್ಗ. ಆದರೆ ನೀರು ಹೀರಿ ಸ್ವಲ್ಪ ಶಕ್ತಿ ಕಳೆದುಕೊಳ್ಳುತ್ತದೆ, ಉರುಳೆಯ ಸುರುಳಿ ಆಕಾರವನ್ನು ಬಿಡುವುದಿಲ್ಲ, ಬಿಸಿಲಿನಲ್ಲಿ ಹಳಸುತ್ತದೆ. ಹನಿ ನೀರಾವರಿಯ ಕೊಳವೆ ಕಪ್ಪಾಗಿರುವುದು ಏಕೆಂದು ನಿಮಗೆ ಗೊತ್ತು: ಬಿಸಿಲಿನ ಕಿರಣ ಪ್ಲಾಸ್ಟಿಕ್ಕನ್ನು ಕೆಡಿಸದಂತೆ ಅದಕ್ಕೆ ಇಂಗಾಲದ ಕಪ್ಪು ಬೆರೆಸಿರುತ್ತಾರೆ. ತೆಳುವಾದ, ಪಾರದರ್ಶಕವಾದ ಗಾಳದ ಎಳೆಗೆ ಆ ರಕ್ಷಣೆಯಿಲ್ಲ. ನನ್ನ ಮಹಡಿಯ ದಾರ ಕೆಟ್ಟದ್ದು ಹೀಗೆ.

ಹೆಣೆದ ದಾರ ಒಂದು ವಿಶೇಷ ಪಾಲಿಎಥಿಲೀನ್‌ನಿಂದ ಆದದ್ದು. ನಿಮ್ಮ ಹೊಂಡದ ಹಾಳೆಯ, ನೀರಿನ ಕೊಳವೆಯ ಪ್ಲಾಸ್ಟಿಕ್ ಜಾತಿಯದೇ. ಅಣುಗಳ ಸರಪಳಿ ಬಹಳ ಉದ್ದವಾಗಿದ್ದು ಒಂದೇ ದಿಕ್ಕಿಗೆ ಸಾಲಾಗಿರುವುದರಿಂದ ಬಹಳ ಬಲಶಾಲಿ. ಅಷ್ಟೇ ಶಕ್ತಿಯ ನೈಲಾನಿಗಿಂತ ಬಹಳ ತೆಳು, ನೀರಿನಲ್ಲಿ ತೇಲುತ್ತದೆ, ಹೆಚ್ಚುಕಡಿಮೆ ಜಗ್ಗುವುದೇ ಇಲ್ಲ. ಜೊಂಡಿನ ನಡುವಿನಿಂದ ಕುಚ್ಚು ಮೀನನ್ನು ಎಳೆದು ತರಲು ಇದಕ್ಕಿಂತ ಉತ್ತಮವಾದುದಿಲ್ಲ. ದೋಷಗಳೂ ಇವೆ. ಬಿಗಿಯಾಗಿರುವಾಗ ಕಲ್ಲಿನ ಅಂಚು ತಗುಲಿದರೆ ಥಟ್ಟನೆ ಕಡಿಯುತ್ತದೆ. ನುಣುಪಾದ್ದರಿಂದ ಗಂಟು ಜಾರುತ್ತದೆ. ಬರಿಗೈಯಲ್ಲಿ ಎಳೆದರೆ ಬೆರಳು ಕೊಯ್ಯುತ್ತದೆ.

ಮಣ್ಣಿನ ಕುಂಟೆ, ಜೊಂಡು ಇರುವ ಕಡೆ 40ರಿಂದ 50 ಪೌಂಡಿನ ಹೆಣೆದ ದಾರ ಸೂಕ್ತ. 60 ಗ್ರಾಂ ಮೀರಿದ ಎರೆಗೆ 65 ಪೌಂಡು, 100 ಗ್ರಾಂ ಮೀರಿದರೆ 80 ಪೌಂಡು. ಎಲ್ಲಕ್ಕೂ ತುದಿಯಲ್ಲಿ ಒಂದು ಮೊಳ ದಪ್ಪ ನೈಲಾನ್ ಎಳೆಯನ್ನು ಸೇರಿಸಿ. ಮೀನಿನ ಹಲ್ಲಿಗೂ ಕಲ್ಲಿಗೂ ಮೊದಲು ಸಿಗುವುದು ಈ ತುಂಡು. ಸವೆದರೆ ಇದನ್ನಷ್ಟೇ ಬದಲಾಯಿಸಿದರೆ ಸಾಕು.

ಹೊಸ ದಾರ ಸುತ್ತುವಾಗ ಬರಿಯ ಉರುಳೆಯ ಮೇಲೆ ಹೆಣೆದ ದಾರ ಸುತ್ತಬೇಡಿ, ಅದು ಇಡಿಯಾಗಿ ಜಾರುತ್ತದೆ. ಮೊದಲು ಹತ್ತು ಮೀಟರು ನೈಲಾನ್ ಸುತ್ತಿ, ಅದಕ್ಕೆ ಕಟ್ಟಿ. ಒದ್ದೆ ಬಟ್ಟೆಯಲ್ಲಿ ದಾರವನ್ನು ಒತ್ತಿ ಹಿಡಿದು ಬಿಗಿಯಾಗಿ ಸುತ್ತಬೇಕು. ಸಡಿಲವಾಗಿ ಸುತ್ತಿದರೆ ಮೇಲಿನ ಸುತ್ತು ಕೆಳಗಿನ ಸುತ್ತುಗಳ ನಡುವೆ ಹೂತು, ಮುಂದಿನ ಎಸೆತದಲ್ಲಿ ಎರೆ ಗಕ್ಕನೆ ನಿಲ್ಲುತ್ತದೆ. ಆಗ ಬೀಳುವ ಹೊಡೆತದ ಲೆಕ್ಕವನ್ನು ಈಗಾಗಲೇ ನೋಡಿದ್ದೇವೆ.

ಗಂಟು

ಸಾಧಾರಣ ಬರಿಗಂಟು ದಾರದ ಶಕ್ತಿಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಹೆಣೆದ ದಾರಕ್ಕೆ ಪಾಲೋಮಾರ್ ಎಂಬ ಗಂಟು ವಿಶ್ವಾಸಾರ್ಹ. ದಾರವನ್ನು ಎರಡಾಗಿ ಮಡಿಸಿ ಗಾಳದ ಕಣ್ಣಿನಲ್ಲಿ ತೂರಿಸಿ. ಮಡಿಸಿದ ದಾರದಿಂದಲೇ ಒಂದು ಬರಿಗಂಟು ಸಡಿಲವಾಗಿ ಹಾಕಿ. ತುದಿಯ ಕುಣಿಕೆಯೊಳಗಿನಿಂದ ಗಾಳವನ್ನೇ ತೂರಿಸಿ. ನೀರಿನಿಂದ ಒದ್ದೆ ಮಾಡಿ ಮೆಲ್ಲಗೆ ಬಿಗಿಯಿರಿ. ಒಣಗಂಟನ್ನು ಜಗ್ಗಿದರೆ ಉಜ್ಜುವ ಬಿಸಿಗೆ ದಾರ ಹಾಳಾಗುತ್ತದೆ. ಮನೆಯ ಜಗುಲಿಯಲ್ಲಿ ಹತ್ತು ಸಾರಿ ಹಾಕಿ ಕಲಿತ ಮೇಲೆಯೇ ನೀರಿನ ಬಳಿ ಹೋಗಿ.

ಕಾವೇರಿಯ ಪಾಠ

ಭಾರದ ಮೀನನ್ನು ರೀಲು, ದಾರದಿಂದ ಹಿಡಿದ ದೀರ್ಘ ಅನುಭವ ನಮ್ಮ ನಾಡಿನಲ್ಲೂ ಇದೆ. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆಚ್. ಎಸ್. ಥಾಮಸ್ ಅವರು ಭಾರತದ ಗಾಳಗಾರಿಕೆಯನ್ನು ಕುರಿತು ಬರೆದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲೇ ಪ್ರಕಟವಾಯಿತು. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಗಿತು. 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ದಕ್ಷಿಣ ಭಾರತ ವನ್ಯಜೀವಿ ಸಂಘವು ಕಾವೇರಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲು ಹಾಕಿತು. ಭೀಮೇಶ್ವರಿಯ ಶಿಬಿರಕ್ಕೆ ದೂರದೇಶಗಳಿಂದ ಜನ ಬಂದರು. ಎರೆ ಏನೆಂದು ಬಲ್ಲಿರಾ? ನಮ್ಮ ರಾಗಿ ಹಿಟ್ಟಿನ ಉಂಡೆ! ಆ ನದಿಯ ಬಂಡೆಗಳ ನಡುವೆ ಅವರು ನೆಚ್ಚಿದ್ದು ದಪ್ಪ ನೈಲಾನ್ ಎಳೆಯನ್ನು. ಬಂಡೆಗೆ ನೈಲಾನ್, ಜೊಂಡಿಗೆ ಹೆಣೆದ ದಾರ ಎಂದು ನಾನು ಹೇಳುವುದಕ್ಕೆ ಇದೂ ಒಂದು ಆಧಾರ.

ಇನ್ನೊಂದು ಪಾಠವೂ ಅಲ್ಲಿದೆ. ಗೂನುಬೆನ್ನಿನ ಆ ಮಹಶೀರ್‌ಗೆ ಟಾರ್ ರೆಮಾದೇವಿಯೈ ಎಂಬ ಶಾಸ್ತ್ರೀಯ ಹೆಸರು ನಿಶ್ಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ತೀವ್ರ ಅಳಿವಿನಂಚಿನ ಪಟ್ಟಿಗೂ ಸೇರಿತು. ಕಾವೇರಿ ವನ್ಯಜೀವಿ ಧಾಮದೊಳಗಿನ ಗಾಳದ ಶಿಬಿರಗಳು ನಿಂತು ಹತ್ತು ವರ್ಷಗಳ ಮೇಲಾಯಿತು. ಆದ್ದರಿಂದ ಇಂದು ಕಲಿತದ್ದನ್ನು ಅಲ್ಲಿಗೆ ಒಯ್ಯಬೇಡಿ. ನಮ್ಮ ಹೊಂಡದ ಕುಚ್ಚು ಮೀನೇ ನಮಗೆ ಸಾಕು.

ರಕ್ಷಣೆ ಮತ್ತು ಪಾಲನೆ

ಕೊಂಡಾಗಿನ ಆಯ್ಕೆ ಅರ್ಧ, ಪಾಲನೆ ಇನ್ನರ್ಧ. ರೀಲನ್ನು ನೀರಿನಲ್ಲಿ ಮುಳುಗಿಸಿ ತೊಳೆಯಬಾರದು. ಒದ್ದೆ ಬಟ್ಟೆಯಿಂದ ಒರೆಸಿ ನೆರಳಿನಲ್ಲಿ ಆರಿಸಿ. ಡ್ರ್ಯಾಗನ್ನು ಸಡಿಲಿಸಿ ಇಡಿ, ಇಲ್ಲವಾದರೆ ಒಳಗಿನ ಬಿಲ್ಲೆಗಳು ಅಂಟಿಕೊಳ್ಳುತ್ತವೆ. ಹೊಲಿಗೆ ಯಂತ್ರದ ಎಣ್ಣೆ ಬೇರಿಂಗಿಗೆ, ರೋಲರಿಗೆ ಒಂದೊಂದು ಹನಿ. ಹಲ್ಲುಚಕ್ರಕ್ಕೆ ಸ್ವಲ್ಪ ಗ್ರೀಸು. ಕೊಬ್ಬರಿ ಎಣ್ಣೆ ಹಾಕಲೇಬಾರದು. ನಮ್ಮ ಮಾರ್ಗಶಿರದ ಚಳಿಗೆ ಅದು ಹೆಪ್ಪುಗಟ್ಟಿ ಅಂಟಾಗುತ್ತದೆ. ಕೋಲಿನ ಉಂಗುರಗಳೊಳಗೆ ಹತ್ತಿಯ ಎಳೆಯನ್ನು ಹಾಯಿಸಿ. ಎಲ್ಲಿ ಹತ್ತಿ ಸಿಕ್ಕಿಕೊಳ್ಳುತ್ತದೆಯೋ ಅಲ್ಲಿ ಉಂಗುರ ಒಡೆದಿದೆ. ದಾರ ಕಡಿಯುವುದೂ ಅಲ್ಲಿಯೇ.

ಪ್ರತಿದಿನದ ಕೆಲಸ ಮುಗಿದ ಮೇಲೆ ತುದಿಯ ಎರಡು ಮೀಟರು ದಾರವನ್ನು ಬೆರಳಿನಿಂದ ಸವರಿ ನೋಡಿ, ಒರಟಾಗಿದ್ದರೆ ಕತ್ತರಿಸಿ. ಹೆಣೆದ ದಾರವನ್ನು ವರ್ಷಕ್ಕೊಮ್ಮೆ ಹಿಂದುಮುಂದು ಮಾಡಿ ಸುತ್ತಿದರೆ ಒಳಗಿನ ಹೊಸ ಭಾಗ ಬಳಕೆಗೆ ಬರುತ್ತದೆ. ನೈಲಾನನ್ನು ಪ್ರತಿ ಹಂಗಾಮಿಗೆ ಬದಲಾಯಿಸುವುದೇ ಕ್ಷೇಮ. ಕತ್ತರಿಸಿದ ದಾರವನ್ನು ದಡದಲ್ಲಿ ಬಿಡಬಾರದು. ಬೆರಳುದ್ದ ತುಂಡು ಮಾಡಿ ಮನೆಗೆ ತಂದು ಒಣ ಕಸಕ್ಕೆ ಹಾಕಿ.

ಎಚ್ಚರಿಕೆಗಳು

ಹಾಳೆ ಹಾಸಿದ ಹೊಂಡದಲ್ಲಿ ಮುಳುಗಿ ಓಡುವ, ಮುಮ್ಮುಖ ಗಾಳದ ಎರೆಗಳನ್ನು ಬಳಸಬೇಡಿ. ಒಂದು ಗಾಳ ಹಾಳೆಗೆ ಚುಚ್ಚಿದರೆ ಮೀನಿಗಿಂತ ನೀರಿನ ನಷ್ಟ ದೊಡ್ಡದು. ಗಾಳದ ಮೊನೆ ಮೇಲ್ಮುಖವಾಗಿರುವ, ತೇಲುವ ರಬ್ಬರ್ ಕಪ್ಪೆಯನ್ನೇ ಬಳಸಿ. ಎರೆ ಸಿಕ್ಕಿಕೊಂಡಿತೆಂದು ಹಾಳೆಯ ಇಳಿಜಾರಿಗೆ ಕಾಲಿಡಬೇಡಿ. ಪಾಚಿ ಹಿಡಿದ ಹಾಳೆಯ ಮೇಲೆ ಈಜು ಬಲ್ಲವರೂ ಹತ್ತಿ ಬರಲಾರರು. ಹೊಂಡಕ್ಕೆ ಬೇಲಿ ಇರಲಿ. ಗಂಟುಗಳಿರುವ ಒಂದು ಹಗ್ಗವನ್ನು ದಡದ ಗೂಟಕ್ಕೆ ಕಟ್ಟಿ ನೀರಿನವರೆಗೆ ಇಳಿಬಿಟ್ಟಿರಿ. ಎರೆಗಿಂತ ಜೀವ ಮುಖ್ಯ.

ಬೇರೆ ಕಡೆ ಸಿಕ್ಕಿಕೊಂಡ ಎರೆಯನ್ನು ರೀಲಿನಿಂದ ಎಳೆಯಬೇಡಿ, ಹಲ್ಲುಚಕ್ರ ಮುರಿಯುತ್ತದೆ. ದಾರವನ್ನು ಒಂದು ಕಡ್ಡಿಗೆ ಸುತ್ತಿ, ಮುಖವನ್ನು ಪಕ್ಕಕ್ಕೆ ತಿರುಗಿಸಿ ಎಳೆಯಿರಿ. ಬಿಟ್ಟ ಎರೆ ಕಲ್ಲಿನಂತೆ ಹಿಂದಕ್ಕೆ ಬರುತ್ತದೆ. ಎಸೆಯುವ ಮೊದಲು ಹಿಂದೆ ಯಾರಿದ್ದಾರೆಂದು ನೋಡಿ.

ಕೆಂಪು ಮರಿಗಳ ಗುಂಪು ನೀರಿನ ಮೇಲೆ ಗುಳುಗುಳು ಎನ್ನುತ್ತಿದ್ದರೆ ಕೆಳಗೆ ತಾಯಿತಂದೆ ಕುಚ್ಚು ಮೀನುಗಳು ಕಾವಲಿರುತ್ತವೆ. ಹತ್ತಿರ ಬಂದದ್ದಕ್ಕೆಲ್ಲ ಎರಗುತ್ತವೆ. ಕೆರೆಯಲ್ಲಿ ಅವುಗಳ ಮೇಲೆ ಎಸೆಯುವುದು ಸುಲಭ, ಆದರೆ ಸರಿಯಲ್ಲ. ಸಾಕಣೆ ಹೊಂಡದ ಮಾತು ಬೇರೆ. ಅಲ್ಲಿ ಗೊಂಚಲು ಮರಿಗಳನ್ನೇ ಕೈಬಲೆಯಿಂದ ಎತ್ತಿ ಬೇರೆ ಕಡೆ ಬಿಡಬಹುದು.

ಹೆಬ್ಬಾಳ, ಜಕ್ಕೂರು, ರಾಚೇನಹಳ್ಳಿ, ಯಲಹಂಕದ ಕೆರೆಗಳು ನಮ್ಮ ಸ್ವಂತ ಹೊಂಡಗಳಲ್ಲ. ಸಂಬಂಧಪಟ್ಟವರ ಅನುಮತಿಯಿಲ್ಲದೆ ಅಲ್ಲಿ ಗಾಳ ಹಾಕಬಾರದು. ಯಲಹಂಕದ ಪುಟ್ಟೇನಹಳ್ಳಿ ಕೆರೆ ಪಕ್ಷಿಗಳಿಗೆ ಮೀಸಲಾದದ್ದು. ಅಲ್ಲಿ ಆ ಯೋಚನೆಯೇ ಬೇಡ.

ಸಾರಾಂಶ

1. ಮೀನಿನ ತೂಕಕ್ಕಿಂತ ಮೊದಲು ಎರೆಯ ತೂಕ ನೋಡಿ ರೀಲು, ದಾರ ಆರಿಸಿ.
2. 30 ಗ್ರಾಂ ಒಳಗೆ ಲೋಹದ ಮೈಯ ಸ್ಪಿನ್ನಿಂಗ್ ರೀಲು. 60 ಗ್ರಾಂ ಮೀರಿದರೆ ಗಟ್ಟಿ ಚೌಕಟ್ಟಿನ ಬೇಟ್‌ಕಾಸ್ಟಿಂಗ್ ರೀಲು.
3. ಜೊಂಡಿಗೆ ಹೆಣೆದ ದಾರ, ಕಲ್ಲಿಗೆ ನೈಲಾನ್. ತುದಿಯಲ್ಲಿ ಒಂದು ಮೊಳ ದಪ್ಪ ಎಳೆ.
4. ಡ್ರ್ಯಾಗ್ ದಾರದ ಶಕ್ತಿಯ ನಾಲ್ಕನೆಯ ಒಂದು ಭಾಗ, ತೂಗಿಯೇ ಹೊಂದಿಸಿ.
5. ಬಿಸಿಲಿನಲ್ಲಿ ಬಿದ್ದ ನೈಲಾನನ್ನು ನಂಬಬೇಡಿ.
6. ತುಂಡು ದಾರವನ್ನು ನೀರಿನಲ್ಲೂ ದಡದಲ್ಲೂ ಬಿಡಬೇಡಿ.

ಆ ಯಲಹಂಕದಾಚೆಯ ರೈತರು ಮರುವರ್ಷ ನನ್ನನ್ನು ಮತ್ತೆ ಕರೆದರು. ಹೊಸ ದಾರವನ್ನು ಅವರೇ ಕೈಗೆ ತೆಗೆದುಕೊಂಡು, ಮೊಣಕೈಯಿಂದ ಮೊಣಕೈಗೆ ಜಗ್ಗಿ, ಬೆರಳಲ್ಲಿ ಸವರಿ ನೋಡಿ, ಆಮೇಲೆ ಕುಂಟೆಯ ಬಳಿಗೆ ಬಿಟ್ಟರು. ಎತ್ತು ಕಟ್ಟುವ ಹಗ್ಗವನ್ನು ಹಾಗೆಯೇ ನೋಡಿ ಕೊಳ್ಳುವ ಜನ ನಾವು. ಗಾಳದ ದಾರವನ್ನೂ ಹಾಗೆಯೇ ನೋಡಿ ಕೊಳ್ಳಿರಿ.